ಎರಡು ಗೆರೆಗಳ ನಡುವೆ

ಪಿಸ್ಕಾಟವೇಯ ನಮ್ಮ ಮನೆಯಿಂದ ಹತ್ತು ನಿಮಿಷ ಕಾರಿನಲ್ಲಿ ಹೋದರೆ ರಟ್ಗರ್ಸ್ ವಿಶ್ವವಿದ್ಯಾಲಯದ ಬುಷ್ ಕ್ಯಾಂಪಸ್. ಅಲ್ಲಿನ ಹಿಲ್ ಸೆಂಟರ್‌ನಲ್ಲಿ ಸಂಖ್ಯಾಶಾಸ್ತ್ರ ವಿಭಾಗವಿದೆ. ಲೆಕ್ಕಪತ್ರದವನಿಗೆ ಅಲ್ಲೇನು ಕೆಲಸ ಎನ್ನಬೇಡಿ. ನನ್ನದೊಂದು ಹಳೆಯ ತಪ್ಪು ನನಗೆ ಅರ್ಥವಾಗಿದ್ದು ಆ ವಿಭಾಗದ ಇತಿಹಾಸ ಓದಿದಾಗ.

ಸಿ.ಎ. ಮುಗಿಸಿದ ಹೊಸತರಲ್ಲಿ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿದ್ದೆ. ತಿಂಗಳ ಸ್ಕ್ರ್ಯಾಪ್ ಎಷ್ಟು, ಹೋದ ತಿಂಗಳಿಗಿಂತ ಹೆಚ್ಚೋ ಕಡಿಮೆಯೋ ಎಂದು ವರದಿ ಬರೆಯುವುದು ನನ್ನ ಕೆಲಸ. ಹೆಚ್ಚಾದರೆ ಕೆಂಪು ಶಾಯಿ. ಅಂಥದೊಂದು ಕೆಂಪು ಅಂಕಿ ಹಿಡಿದುಕೊಂಡು ಮ್ಯಾನೇಜರು ಹಿರಿಯ ಸೂಪರ್‌ವೈಸರ್ ಒಬ್ಬರನ್ನು ಎಲ್ಲರೆದುರು ಬೈದು, ಗೋಡೌನಿಗೆ ಹಾಕಿದರು. ಮುಂದಿನ ತಿಂಗಳು ಸ್ಕ್ರ್ಯಾಪ್ ಇಳಿಯಿತು. “ನೋಡಿದಿರಾ?” ಎಂದರು. ನಾನೂ ನಂಬಿದೆ.

ಇದಕ್ಕೆ ಮದ್ದು ಬಹಳ ಹಿಂದೆಯೇ ಸಿಕ್ಕಿತ್ತು. ಟೆಲಿಫೋನ್ ಉಪಕರಣ ತಯಾರಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ವಾಲ್ಟರ್ ಶೂಹಾರ್ಟ್, 1924ರ ಮೇ 16ರಂದು ತಮ್ಮ ಮೇಲಧಿಕಾರಿಗೆ ಚಿಕ್ಕ ಟಿಪ್ಪಣಿಯೊಂದನ್ನು ಕಳಿಸಿದರು. ಅದರಲ್ಲಿದ್ದದ್ದು ಮೊದಲ ಕಂಟ್ರೋಲ್ ಚಾರ್ಟ್. ಯಾವ ಕೆಲಸದಲ್ಲೂ ಅಂಕಿಗಳು ತಾವಾಗಿಯೇ ಏರಿಳಿಯುತ್ತವೆ. ಸರಾಸರಿಯ ಮೇಲೊಂದು, ಕೆಳಗೊಂದು ಗೆರೆ ಲೆಕ್ಕ ಹಾಕಿ ಎಳೆದರೆ ಆ ಸಹಜ ಏರಿಳಿತದ ಅಳತೆ ಸಿಗುತ್ತದೆ. ಅಂಕಿ ಗೆರೆ ದಾಟಿದರೆ ಮಾತ್ರ ವಿಶೇಷ ಕಾರಣ ಹುಡುಕಬೇಕು. ಗೆರೆಯೊಳಗಿನ ದೋಷ ಕಡಿಮೆಯಾಗಬೇಕಾದರೆ ಯಂತ್ರ, ಕಚ್ಚಾಮಾಲು, ಕೆಲಸದ ರೀತಿಯೇ ಬದಲಾಗಬೇಕು. ಅದು ಮ್ಯಾನೇಜರರ ಹೊಣೆ. 1950ರಲ್ಲಿ ಜಪಾನಿಗೆ ಹೋದ ಎಡ್ವರ್ಡ್ಸ್ ಡೆಮಿಂಗ್ ಶೂಹಾರ್ಟರ ಈ ವಿದ್ಯೆಯನ್ನೇ ಅಲ್ಲಿನ ಕಂಪನಿಗಳ ಮುಖ್ಯಸ್ಥರಿಗೆ ಹೇಳಿಕೊಟ್ಟರು. ರಟ್ಗರ್ಸ್‌ನಲ್ಲಿ ಎಲಿಸ್ ಆಟ್ 1959ರಲ್ಲಿ ಸಂಖ್ಯಾಶಾಸ್ತ್ರ ಕೇಂದ್ರ ಕಟ್ಟಿದರು. ಬೆಲ್ ಲ್ಯಾಬ್ಸ್‌ನಿಂದ ನಿವೃತ್ತರಾದ ಹೆರಾಲ್ಡ್ ಡಾಜ್ ಅಲ್ಲಿ ಪಾಠ ಮಾಡಿದರು.

ನನ್ನನ್ನು ಹೆಚ್ಚು ಚುಚ್ಚಿದ್ದು ಬೇರೆ ಸಂಗತಿ. ಪ್ರಶಾಂತಚಂದ್ರ ಮಹಲನೋಬಿಸ್ ಕರೆದದ್ದಕ್ಕೆ ಶೂಹಾರ್ಟ್ 1947–48ರಲ್ಲಿ ಭಾರತಕ್ಕೇ ಬಂದಿದ್ದರು. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಗುಣಮಟ್ಟ ನಿಯಂತ್ರಣ ಘಟಕ 1950ರ ದಶಕದಲ್ಲೇ ಬೆಂಗಳೂರಿನಲ್ಲಿ ಶುರುವಾಗಿತ್ತು. ವಿದ್ಯೆ ನಮ್ಮೂರಲ್ಲೇ ಇತ್ತು. ನನ್ನ ವರದಿಗೆ ಮಾತ್ರ ಬಂದಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಹಳೆಯ ಡೈರಿ ತೆಗೆದು, ಆ ಕಾರ್ಖಾನೆಯ ಅಂಕಿಗಳನ್ನು ಅಡುಗೆಮನೆಯ ಮೇಜಿನ ಮೇಲೆ ಚಾರ್ಟಿಗೆ ಇಳಿಸಿದೆ. ಆ ಕೆಂಪು ತಿಂಗಳು ಎರಡು ಗೆರೆಗಳ ನಡುವೆಯೇ ಇತ್ತು. ಬೈಯದಿದ್ದರೂ ಸ್ಕ್ರ್ಯಾಪ್ ಇಳಿಯುತ್ತಿತ್ತೇನೋ. ಈಗ ನನ್ನ ಯಾವ ವರದಿಯಲ್ಲೂ ಒಂಟಿ ತಿಂಗಳ ಅಂಕಿ ಇರುವುದಿಲ್ಲ. ಎರಡು ವರ್ಷದ ಚಾರ್ಟ್ ಇರುತ್ತದೆ. ಆ ಹಿರಿಯರಿಗೆ ತೋರಿಸೋಣವೆಂದರೆ ಅವರು ಎಲ್ಲಿದ್ದಾರೋ ಗೊತ್ತಿಲ್ಲ.