ಗುಡಿ ಬಿಟ್ಟವರು ಯಾಕೆ ಬಿಟ್ಟರು?

ಹಬ್ಬ ಬಂತೆಂದರೆ ನಮ್ಮ ಪಾಪಿನಾಯಕನಹಳ್ಳಿ ಕಡೆ ಕಟ್ಟೆ ಮೇಲೆ ಒಂದು ಮಾತು ಕೇಳುತ್ತದೆ: "ಈಗಿನ ಹುಡುಗ್ರಿಗೆ ದೇವ್ರೂ ಬ್ಯಾಡ, ಗುಡಿನೂ ಬ್ಯಾಡ. ಎಲ್ಲ ಮೊಬೈಲ್ ಮಾಡಿದ್ದು."

ಮೊಬೈಲ್ ಇಲ್ಲದ ಕಾಲದಲ್ಲೂ ಜನ ಹುಟ್ಟಿದ ಧರ್ಮದ ಕಟ್ಟು ಬಿಟ್ಟು ಹೊರಟಿದ್ದಾರೆ. ಅಂಥದ್ದೊಂದು ಕತೆ ಬರೆದಿಟ್ಟವನು ನಮ್ಮ ಪಕ್ಕದ ಹಂಪಿಯ ಕವಿ ಹರಿಹರ, ವಿರೂಪಾಕ್ಷನ ಭಕ್ತ. ಸುಮಾರು 800 ವರ್ಷಗಳ ಹಿಂದೆ ಅವನು ಬರೆದ ಬಸವಣ್ಣನ ರಗಳೆಯಲ್ಲಿ, ಹುಡುಗ ಬಸವ ಭಕ್ತಿಗೂ ಕರ್ಮಕ್ಕೂ ಹೊಂದುವುದಿಲ್ಲವೆಂದು ಜನಿವಾರ ಹರಿದು, ಮನೆ ಬಿಟ್ಟು ಸಂಗಮಕ್ಕೆ ಹೋಗುತ್ತಾನೆ. ನೋಡಿ, ಅವನು ಶಿವನನ್ನು ಬಿಡಲಿಲ್ಲ. ಬಿಟ್ಟದ್ದು ಹುಟ್ಟು ನೋಡಿ ಅಳೆಯುವ ಆಚಾರವನ್ನು.

ಆಮೇಲೆ ಕಲ್ಯಾಣದಲ್ಲಿ ಚಮ್ಮಾರರು, ಅಂಬಿಗರು, ಮಡಿವಾಳರು, ಹೆಣ್ಣುಮಕ್ಕಳು ಸೇರಿದರು. ಇಷ್ಟಲಿಂಗ ಅಂಗೈಗೆ ಬಂತು. ನಡುವೆ ಪೂಜಾರಿ ಬೇಕಿಲ್ಲ, ದಾಟಲು ಹೊಸ್ತಿಲಿಲ್ಲ. ಮುಟ್ಟಿನ ಸೂತಕವನ್ನೂ ಶರಣರು ಒಪ್ಪಲಿಲ್ಲ. ಗುಡಿ ಯಾರನ್ನು ಹೊರಗೆ ನಿಲ್ಲಿಸಿತ್ತೋ ಅವರಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿತ್ತೇ?

15ನೇ ಶತಮಾನದಲ್ಲಿ, ಪ್ರೌಢದೇವರಾಯನ ಕಾಲಕ್ಕೆ, ವಿಜಯನಗರದಲ್ಲೇ ವಚನಗಳನ್ನು ಕೂಡಿಸಿ, ಜೋಡಿಸಿ, ಟೀಕೆ ಬರೆಯುವ ಕೆಲಸ ಜೋರಾಗಿ ನಡೆಯಿತು. ಶರಣರ ಮಾತು ಉಳಿಯಲು ಆ ದುಡಿಮೆ ದೊಡ್ಡ ಕಾರಣ. ಆದರೆ ಕಾಲ ಕಳೆದಂತೆ ಮಠಗಳು ಬೆಳೆದವು, ಜಾತಿ ಕೇಳುವ ರೂಢಿ ಅಲ್ಲಿಗೂ ಬಂತು. ಹೊಸ್ತಿಲು ಬೇಡವೆಂದು ಹೊರಟವರ ಹೆಸರಲ್ಲೇ ಮತ್ತೆ ಹೊಸ್ತಿಲು ಎದ್ದಿತು.

ನಮ್ಮ ಅಜ್ಜಂದಿರ ಕಾಲಕ್ಕೆ ಬನ್ನಿ. ಅಂಬೇಡ್ಕರ್ ಒಮ್ಮೆಲೇ ಧರ್ಮ ಬಿಟ್ಟವರಲ್ಲ. 1927ರಲ್ಲಿ ಮಹಾಡದಲ್ಲಿ ಕೆರೆ ನೀರಿಗಾಗಿ, 1930ರಿಂದ ನಾಸಿಕದಲ್ಲಿ ಕಾಳಾರಾಮ ಗುಡಿಯ ಪ್ರವೇಶಕ್ಕಾಗಿ ಹೋರಾಡಿದರು. ಬಾಗಿಲು ತೆರೆಯಲಿಲ್ಲ. 1935ರಲ್ಲಿ ಯೇವಲೆಯಲ್ಲಿ, ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. ಮತ್ತೆ 21 ವರ್ಷ ಯೋಚಿಸಿ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧರಾದರು.

ನಮ್ಮ ಹೊಸಪೇಟೆ, ಸಂಡೂರು ಸೀಮೆಯಲ್ಲಿ ದೇವರ ಹೆಸರಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದ್ದು ಯಾರಿಗೆ ಗೊತ್ತಿಲ್ಲ? ಅದನ್ನು ತಡೆಯಲು 1982ರಲ್ಲಿ ಕಾನೂನೇ ಮಾಡಬೇಕಾಯಿತು. ಅಂಥ ತಾಯಿಯ ಮಗಳು ಇವತ್ತು ಗುಡಿಗೆ ಬೆನ್ನು ಹಾಕಿದರೆ ಅದು ಸೊಕ್ಕೇ?

ಓದು, ವಲಸೆ, ಮೊಬೈಲ್, ಇವೂ ಜನರನ್ನು ದೂರ ಒಯ್ಯುತ್ತವೆ, ಸುಳ್ಳಲ್ಲ. ಸುಮ್ಮನೆ ನಂಬಿಕೆ ಹೋದವರೂ ಇದ್ದಾರೆ, ಅದು ಅವರ ಹಕ್ಕು. ಆದರೆ ಇತಿಹಾಸದಲ್ಲಿ ಗುಂಪುಗುಂಪಾಗಿ ಹೊರಟವರನ್ನು ನೋಡಿದರೆ, ಅವರಲ್ಲಿ ಬಹಳ ಮಂದಿ ಮೊದಲು ಬಾಗಿಲಲ್ಲಿ ನಿಂತು ಕಾದವರು.

ಎಲ್ಲರೂ ಗುಡಿ ಬಿಡಿ ಎಂದು ನಾವು ಹೇಳುತ್ತಿಲ್ಲ. ನಮ್ಮಲ್ಲೂ ಜಾತ್ರೆಗೆ ತಪ್ಪದೆ ಹೋಗುವವರಿದ್ದೇವೆ. ಮುಂದಿನ ಸಲ ಕಟ್ಟೆ ಮೇಲೆ "ಆ ಓಣಿಯವ್ರು ಯಾಕ ಬರಲ್ಲ?" ಎಂಬ ಮಾತು ಬಂದರೆ, ಇನ್ನೊಂದು ಪ್ರಶ್ನೆಯನ್ನೂ ಕೇಳೋಣ: ಅವರು ಬಂದಾಗ ನಾವು ಎಲ್ಲಿ ನಿಲ್ಲಿಸಿದ್ದೆವು?