ಹದಿನೆಂಟು ವರ್ಷ ಗುಹೆಯೊಳಗೇ ನಿಂತ ಹುಡುಗ: ‘ಶೆನ್‌ಮ್ಯೂ’ ಕತೆ ಮುಗಿಯುತ್ತಾ?

(ಪಾಡ್‌ಕಾಸ್ಟ್‌ನ ಬರಹ ರೂಪ)

ಮೊದಲು ನಮ್ಮ ಅಜ್ಜಿಯ ಟ್ರಂಕಿನ ವಿಷಯ ಹೇಳ್ತೀನಿ, ಆಮೇಲೆ ವಿಡಿಯೋ ಗೇಮ್‌ಗೆ ಬರೋಣ.

ಆ ಟ್ರಂಕಿನಲ್ಲಿ ಒಂದು ದಪ್ಪ ಪುಸ್ತಕ ಇದೆ. ಅಂಗಡಿಯಲ್ಲಿ ಕೊಂಡಿದ್ದಲ್ಲ. ವಾರಪತ್ರಿಕೆಯಲ್ಲಿ ಬರ್ತಿದ್ದ ಧಾರಾವಾಹಿ ಕಾದಂಬರಿಯ ಕಂತುಗಳನ್ನು ಕತ್ತರಿಸಿ, ದಬ್ಬಣದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕಿದ ಪುಸ್ತಕ. ಕೊನೆಯ ಎರಡು ಕಂತು ಅದರಲ್ಲಿಲ್ಲ. ಯಾರದೋ ಮದುವೆಗೆ ಊರಿಗೆ ಹೋಗಿದ್ದಾಗ ತಪ್ಪಿಹೋದವಂತೆ. ‘ಆಮೇಲೇನಾಯ್ತು ಅಜ್ಜಿ’ ಅಂತ ಕೇಳಿದ್ರೆ ಒಂದೊಂದು ಸಲ ಒಂದೊಂದು ಕೊನೆ ಹೇಳ್ತಾಳೆ. ನಲವತ್ತು ವರ್ಷ ಆದ್ರೂ ಅವಳಿಗೆ ಅದೊಂದು ಸಣ್ಣ ಮುಳ್ಳು.

ಇವತ್ತಿನ ವಿಷಯವೂ ಇಂಥದ್ದೇ ಮುಳ್ಳು. ಅಜ್ಜಿಗೆ ತಪ್ಪಿದ ಕಂತುಗಳು ಎಲ್ಲೋ ಅಚ್ಚಾಗಿವೆ, ಯಾವುದಾದರೂ ಲೈಬ್ರರಿಯಲ್ಲಿ ಸಿಕ್ಕಾವು. ‘ಶೆನ್‌ಮ್ಯೂ’ ಅನ್ನೋ ಜಪಾನಿ ಗೇಮ್ ಸರಣಿಯ ಕೊನೆ ಮಾತ್ರ ಇನ್ನೂ ತಯಾರೇ ಆಗಿಲ್ಲ. ಆಗುತ್ತೋ ಇಲ್ವೋ ಅಂತ ಅದರ ಅಭಿಮಾನಿಗಳು ಎರಡು ದಶಕದಿಂದ ಜಗಳ ಆಡ್ತಾ ಇದ್ದಾರೆ.

ಇದರ ಹಿಂದಿರೋ ವ್ಯಕ್ತಿ ಯು ಸುಜುಕಿ. 1958ರಲ್ಲಿ ಹುಟ್ಟಿದವರು. ಸೆಗಾ ಕಂಪನಿಯಲ್ಲಿ ಆರ್ಕೇಡ್ ಗೇಮ್‌ಗಳ ರಾಜ. ‘ಹ್ಯಾಂಗ್ ಆನ್’, ‘ಸ್ಪೇಸ್ ಹ್ಯಾರಿಯರ್’, ‘ಔಟ್ ರನ್’, ‘ವರ್ಚುವಾ ಫೈಟರ್’ ಎಲ್ಲ ಅವರದೇ. ಆರ್ಕೇಡ್ ಅಂದ್ರೆ ನಾಣ್ಯ ಹಾಕಿ ಆಡೋ ಆಟ. ಐದು ನಿಮಿಷದಲ್ಲಿ ರೋಮಾಂಚನ ಕೊಟ್ಟು ಮುಂದಿನ ನಾಣ್ಯ ಕೇಳಬೇಕು. ಇಂಥ ಮನುಷ್ಯನಿಗೆ 90ರ ದಶಕದ ಮಧ್ಯದಲ್ಲಿ ಪೂರ್ತಿ ಉಲ್ಟಾ ಆಸೆ ಬಂತು: ನಿಧಾನವಾಗಿ ನಡೆಯೋ, ಬದುಕಿನಂಥ ಆಟ ಬೇಕು. ಮೊದಲು ‘ವರ್ಚುವಾ ಫೈಟರ್’ನ ಪಾತ್ರಗಳನ್ನಿಟ್ಟುಕೊಂಡೇ ಸೆಗಾ ಸ್ಯಾಟರ್ನ್ ಯಂತ್ರಕ್ಕೆ ಅಂತ ಶುರುವಾದ ಕೆಲಸ, ಕೊನೆಗೆ ಹೊಸ ಯಂತ್ರವಾದ ಡ್ರೀಮ್‌ಕಾಸ್ಟ್‌ಗೆ ಹೋಗಿ, 1999ರ ಡಿಸೆಂಬರ್ 29ಕ್ಕೆ ಜಪಾನಿನಲ್ಲಿ ‘ಶೆನ್‌ಮ್ಯೂ’ ಹೆಸರಲ್ಲಿ ಹೊರಬಂತು.

ಕತೆ ಹಳೇ ಕುಂಗ್‌ಫು ಸಿನಿಮಾ ಥರ. 1986ರ ನವೆಂಬರ್ 29, ಜಪಾನಿನ ಯೊಕೊಸುಕಾ. ಹದಿನೆಂಟು ವರ್ಷದ ರಿಯೋ ಹಜುಕಿ ಮನೆಗೆ ಬರುವಷ್ಟರಲ್ಲಿ ಲಾನ್ ಡಿ ಅನ್ನೋ ಚೀನೀಯ ಅವನ ಅಪ್ಪನ ಮುಂದೆ ನಿಂತಿದ್ದಾನೆ. ಒಂದು ಕನ್ನಡಿಯನ್ನು ಕಿತ್ತುಕೊಂಡು, ಅಪ್ಪನನ್ನು ಮಗನ ಕಣ್ಣೆದುರೇ ಕೊಂದು ಹೋಗ್ತಾನೆ. ಸೇಡು ತೀರಿಸಬೇಕು. ಇಷ್ಟೇ.

ಆದರೆ ಸೇಡಿಗೆ ಹೊರಟ ಹುಡುಗ ಮಾಡೋದೇನು? ಬೀದಿಯಲ್ಲಿ ಸಿಕ್ಕಿದವರನ್ನೆಲ್ಲ ನಿಲ್ಲಿಸಿ ವಿಚಾರಿಸ್ತಾನೆ. ಮನೆಯ ಇನೆ ಅಜ್ಜಿ ದಿನಾ ಇಟ್ಟಿರೋ 500 ಯೆನ್ ಪಾಕೆಟ್ ಮನಿ ಎತ್ತಿಕೊಳ್ತಾನೆ. ಅಂಗಡಿ ಮುಂದಿನ ಡಬ್ಬಿಗೆ ನಾಣ್ಯ ಹಾಕಿ ಪ್ಲಾಸ್ಟಿಕ್ ಗೊಂಬೆ ತೆಗೀತಾನೆ. ತಾಯಿ ಸತ್ತ ಬೆಕ್ಕಿನ ಮರಿಗೆ ಊಟ ಹಾಕ್ತಾನೆ. ಆರ್ಕೇಡ್‌ಗೆ ಹೋದ್ರೆ ಅಲ್ಲಿ ಸುಜುಕಿಯವರ ಹಳೇ ‘ಹ್ಯಾಂಗ್ ಆನ್’ ಆಡಬಹುದು, ಆಟದೊಳಗೊಂದು ಆಟ! ಯಾರನ್ನೋ ರಾತ್ರಿ ಎಂಟಕ್ಕೆ ಭೇಟಿ ಆಗ್ಬೇಕು ಅಂದ್ರೆ ಎಂಟು ಆಗೋವರೆಗೂ ಕಾಯಲೇಬೇಕು. ಕೊನೆಗೆ ಬಂದರಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸೋ ಕೆಲಸಕ್ಕೂ ಸೇರ್ತಾನೆ. ದಿನಾ ಬೆಳಿಗ್ಗೆ ಹಾಜರಿ, ಪೆಟ್ಟಿಗೆ ಎತ್ತೋದು, ಮಧ್ಯಾಹ್ನ ಊಟ, ಮತ್ತೆ ಪೆಟ್ಟಿಗೆ.

ಕೇಳೋಕೆ ಬೋರ್ ಅನ್ಸುತ್ತೆ ಅಲ್ವಾ? ನನಗೂ ಮೊದಲ ಎರಡು ಗಂಟೆ ಹಾಗೇ ಅನ್ನಿಸಿತ್ತು. ನಾನು ಇದನ್ನು ಆಡಿದ್ದು 2018ರಲ್ಲಿ ಮೊದಲೆರಡು ಭಾಗ ಹೊಸ ಯಂತ್ರಗಳಿಗೆ ಮತ್ತೆ ಬಿಡುಗಡೆ ಆದಾಗ, ಹಾಸ್ಟೆಲಿನಲ್ಲಿ, ಗೆಳೆಯನ ಲ್ಯಾಪ್‌ಟಾಪಿನಲ್ಲಿ. ‘ಏನೋ ಇದು, ಹೀರೋ ಹಮಾಲಿ ಮಾಡ್ತಿದ್ದಾನೆ’ ಅಂತ ಅವನು ನಗ್ತಿದ್ದ. ಮೂರನೇ ದಿನ ಅವನೇ ಪಕ್ಕದಲ್ಲಿ ಕೂತು, ‘ಬೆಕ್ಕಿಗೆ ಊಟ ಹಾಕಿದ್ಯಾ?’ ಅಂತ ಕೇಳೋಕೆ ಶುರು ಮಾಡಿದ. ನಿಧಾನವಾಗಿ ಆ ಬೀದಿ ನಮ್ಮ ಬೀದಿ ಆಗಿಬಿಡ್ತು. ಯಾವ ಅಂಗಡಿ ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತೆ ಅನ್ನೋದು ಬಾಯಿಪಾಠ. ಊರಿನ ಪ್ರತಿಯೊಬ್ಬರಿಗೂ ಸ್ವಂತ ದಿನಚರಿ ಇದೆ, ಮಾತಾಡೋ ದನಿ ಇದೆ. 1986–87ರಲ್ಲಿ ಯೊಕೊಸುಕಾದಲ್ಲಿ ನಿಜವಾಗಿ ಇದ್ದ ಹವಾಮಾನದ ದಾಖಲೆಯನ್ನೇ ಆಟದೊಳಗೆ ಹಾಕಿದ್ರು. ಅಂದ್ರೆ ಆ ದಿನ ಅಲ್ಲಿ ಮಳೆ ಬಂದಿದ್ರೆ, ನಿಮ್ಮ ರಿಯೋನೂ ನೆನೀತಾನೆ.

ಡೊಬುಯಿತಾ ಅನ್ನೋ ಆ ಬೀದಿ ಈಗಲೂ ಇದೆ, ಅಮೆರಿಕನ್ ನೌಕಾನೆಲೆಯ ಪಕ್ಕದಲ್ಲೇ. ಪ್ರಪಂಚದ ಎಲ್ಲೆಲ್ಲಿಂದಲೋ ಅಭಿಮಾನಿಗಳು ಕ್ಷೇತ್ರದರ್ಶನದ ಹಾಗೆ ಅಲ್ಲಿಗೆ ಹೋಗಿ ಫೋಟೋ ತೆಗೆಸಿಕೊಳ್ತಾರೆ.

ಈಗ ದುಡ್ಡಿನ ವಿಷಯ. ಇಷ್ಟೆಲ್ಲ ಮಾಡೋಕೆ ಆಗಿನ ಕಾಲಕ್ಕೆ ಕಂಡುಕೇಳರಿಯದ ಖರ್ಚಾಯ್ತು. ಏಳು ಕೋಟಿ ಡಾಲರ್ ಅಂತ ಸುದ್ದಿ ಹಬ್ಬಿತ್ತು. ಪ್ರಚಾರವೂ ಸೇರಿ 4.7 ಕೋಟಿ ಡಾಲರ್ ಅಂತ ಸುಜುಕಿಯವರೇ ಆಮೇಲೆ ಹೇಳಿದ್ರು. ಮಾರಾಟ ಆಗಿದ್ದು ಸುಮಾರು 12 ಲಕ್ಷ ಪ್ರತಿ. ಸೋತ ಸಂಖ್ಯೆ ಅಲ್ಲ ಅದು, ಖರ್ಚು ಹುಟ್ಟೋಕೆ ಮಾತ್ರ ಸಾಲದು. ಅದಕ್ಕಿಂತ ದೊಡ್ಡ ಸಮಸ್ಯೆ ಯಂತ್ರದ್ದು. ಡ್ರೀಮ್‌ಕಾಸ್ಟ್ ಪ್ರಪಂಚದಾದ್ಯಂತ 90 ಲಕ್ಷ ಚಿಲ್ಲರೆ ಮಾರಾಟವಾಗಿ ನಿಂತುಹೋಯ್ತು. 2001ರಲ್ಲಿ ಸೆಗಾ ಯಂತ್ರ ತಯಾರಿಕೆಯನ್ನೇ ಬಿಟ್ಟುಬಿಡ್ತು.

ಅದೇ ವರ್ಷ ‘ಶೆನ್‌ಮ್ಯೂ 2’ ಜಪಾನ್ ಮತ್ತು ಯೂರೋಪಿನಲ್ಲಿ ಬಂತು. ರಿಯೋ ಹಡಗು ಹತ್ತಿ ಹಾಂಗ್‌ಕಾಂಗ್‌ಗೆ ಹೋಗ್ತಾನೆ, ಕೌಲೂನಿನ ಕತ್ತಲ ಕಟ್ಟಡಗಳಲ್ಲಿ ಹೊಡೆದಾಡ್ತಾನೆ, ಕೊನೆಗೆ ಗುಯಿಲಿನ್ ಬೆಟ್ಟಗಳ ಹಾದಿಯಲ್ಲಿ ಶೆನ್‌ಹುವಾ ಅನ್ನೋ ಹುಡುಗಿ ಸಿಕ್ತಾಳೆ. ಅಮೆರಿಕದ ಅಭಿಮಾನಿಗಳ ಗ್ರಹಚಾರ ನೋಡಿ: ಅವರ ಡ್ರೀಮ್‌ಕಾಸ್ಟ್‌ಗೆ ಎರಡನೇ ಭಾಗ ಬರಲೇ ಇಲ್ಲ. 2002ರಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್‌ಗೆ ಬಂತು. ಮೊದಲ ಭಾಗ ಆಡಿದವರು ಬೇರೆ ಯಂತ್ರ ಕೊಳ್ಳಬೇಕು, ಎರಡನೇ ಭಾಗ ಕೊಂಡವರಿಗೆ ಮೊದಲನೆಯದು ಗೊತ್ತಿಲ್ಲ. ಹಾಗಾಗಿ ಡಬ್ಬಿಯೊಳಗೆ ಮೊದಲ ಭಾಗದ ಕತೆಯನ್ನು ಸಿನಿಮಾ ಮಾಡಿ ಒಂದು ಡಿವಿಡಿ ಇಟ್ಟುಕೊಟ್ಟರು. ಸರಣಿಯ ಓದುಗರನ್ನು ಅರ್ಧಕ್ಕರ್ಧ ಕಳೆದುಕೊಳ್ಳೋದು ಹೇಗೆ ಅಂತ ಪಾಠ ಮಾಡಬೇಕಿದ್ರೆ ಇದೇ ಉದಾಹರಣೆ ಸಾಕು.

ಎರಡನೇ ಭಾಗದ ಕೊನೆ ಒಂದು ಗುಹೆ. ರಿಯೋ ಮತ್ತು ಶೆನ್‌ಹುವಾ ಒಳಗೆ ನಿಂತಿದ್ದಾರೆ, ಎದುರಿಗೆ ಕಲ್ಲಿನಲ್ಲಿ ಕೆತ್ತಿದ ಎರಡು ದೊಡ್ಡ ಕನ್ನಡಿಗಳ ರೂಪ. ಪರದೆ ಕಪ್ಪು. ಅಲ್ಲಿಗೆ ನಿಂತ ಕತೆ ಹದಿನೆಂಟು ವರ್ಷ ಮುಂದಕ್ಕೆ ಹೋಗಲಿಲ್ಲ.

ಆ ಮಧ್ಯೆ ಏನೇನೋ ಆಯ್ತು. ಆನ್‌ಲೈನ್ ‘ಶೆನ್‌ಮ್ಯೂ’ ಮಾಡ್ತೀವಿ ಅಂದ್ರು, ಕೈಬಿಟ್ರು. 2010ರಲ್ಲಿ ಜಪಾನಿನ ಮೊಬೈಲ್‌ಗಳಿಗೆ ಒಂದು ಸಣ್ಣ ಶೆನ್‌ಮ್ಯೂ ಆಟ ಬಂತು, ಒಂದೇ ವರ್ಷದಲ್ಲಿ ಬಾಗಿಲು ಹಾಕಿತು. 2011ರಲ್ಲಿ ಸುಜುಕಿ ಸೆಗಾ ಬಿಟ್ಟರು. ಅತ್ತ ಸೆಗಾದಲ್ಲೇ, ‘ಶೆನ್‌ಮ್ಯೂ’ಗೆ ದುಡಿದಿದ್ದ ತೊಶಿಹಿರೋ ನಗೋಶಿ 2005ರಲ್ಲಿ ‘ಯಕುಜಾ’ ಸರಣಿ ಶುರು ಮಾಡಿದ್ರು. ಅದೂ ಜಪಾನಿನ ಬೀದಿ, ಅಂಗಡಿ, ಆರ್ಕೇಡ್, ಹೊಡೆದಾಟ. ಅದು ಮಾತ್ರ ವರ್ಷ ವರ್ಷ ಬೆಳೀತಾ ಹೋಯ್ತು. ಅಣ್ಣ ಹಾಕಿದ ಅಡಿಪಾಯದ ಮೇಲೆ ತಮ್ಮ ಮನೆ ಕಟ್ಟಿದ ಹಾಗೆ.

ಅಭಿಮಾನಿಗಳು ಸುಮ್ಮನೆ ಕೂರಲಿಲ್ಲ. ಪ್ರತಿ ತಿಂಗಳು 3ನೇ ತಾರೀಕು, ಮೂರನೇ ಭಾಗ ಬೇಕು ಅನ್ನೋ ಲೆಕ್ಕದಲ್ಲಿ, ಎಲ್ಲರೂ ಒಟ್ಟಿಗೆ ಟ್ವಿಟರ್‌ನಲ್ಲಿ ‘ಶೆನ್‌ಮ್ಯೂ ಉಳಿಸಿ’ ಅಂತ ಬರೀತಿದ್ರು. ಬೇರೆಯವರಿಗೆ ಅದು ತಮಾಷೆ. ನನ್ನ ಮಟ್ಟಿಗೆ, ಹೀಗೆ ತಿಂಗಳ ಹರಕೆಯ ಥರ ವರ್ಷಗಟ್ಟಲೆ ಕೇಳಿದ್ದೇ ಮುಂದಿನದಕ್ಕೆ ಕಾರಣಗಳಲ್ಲಿ ಒಂದು.

2015ರ ಜೂನ್. ಸೋನಿಯ ವೇದಿಕೆಗೆ ಸುಜುಕಿ ಬಂದು, ಕಿಕ್‌ಸ್ಟಾರ್ಟರ್‌ನಲ್ಲಿ 20 ಲಕ್ಷ ಡಾಲರ್ ಸೇರಿಸಿಕೊಟ್ರೆ ‘ಶೆನ್‌ಮ್ಯೂ 3’ ಮಾಡ್ತೀನಿ ಅಂದ್ರು. ಎರಡು ಗಂಟೆಯೊಳಗೆ 10 ಲಕ್ಷ. ಒಂಬತ್ತು ಗಂಟೆಯೊಳಗೆ ಪೂರ್ತಿ 20 ಲಕ್ಷ. ಕೊನೆಗೆ 69,320 ಜನ ಸೇರಿ 63 ಲಕ್ಷ ಡಾಲರ್ ದಾಟಿಸಿದ್ರು. ಕ್ಯಾಮೆರಾ ಮುಂದೆ ಅಳ್ತಾ ಇರೋ ಗಡ್ಡದ ಗಂಡಸರ ವಿಡಿಯೋಗಳು ಈಗಲೂ ಸಿಗ್ತವೆ, ನೋಡಿ.

ಆಮೇಲೆ? ಕೊಡ್ತೀವಿ ಅಂದಿದ್ದು 2017ರ ಡಿಸೆಂಬರಿಗೆ, ಬಂದಿದ್ದು 2019ರ ನವೆಂಬರ್ 19ಕ್ಕೆ. ಅದಕ್ಕೂ ಮುಂಚೆ ಒಂದು ಪೆಟ್ಟು ಬಿತ್ತು. ಕಂಪ್ಯೂಟರಿನಲ್ಲಿ ಆಡೋರಿಗೆ ಸ್ಟೀಮ್‌ನಲ್ಲಿ ಸಿಗುತ್ತೆ ಅಂತ ನಂಬಿಸಿ, ಬಿಡುಗಡೆಗೆ ಕೆಲವೇ ತಿಂಗಳ ಮುಂಚೆ, ಮೊದಲ ಒಂದು ವರ್ಷ ಎಪಿಕ್ ಅಂಗಡಿಯಲ್ಲಿ ಮಾತ್ರ ಅಂದುಬಿಟ್ರು. ಗಲಾಟೆ ಜೋರಾದ ಮೇಲೆ ಹಣ ವಾಪಸ್ ಕೊಡೋಕೆ ಒಪ್ಪಿದ್ರು. ದುಡ್ಡಿಗಿಂತ ಮಾತು ತಪ್ಪಿದ್ದು ನೋವು. ಆಟ ಬರೋದಕ್ಕೂ ಮುಂಚೆ ಹಣ ಕೊಟ್ಟವನು ಬರೀ ಗಿರಾಕಿ ಅಲ್ಲವಲ್ಲ.

ಮೂರನೇ ಭಾಗ ಹೇಗಿತ್ತು? ಬಾಯಿಲು ಹಳ್ಳಿ ಎಷ್ಟು ಚೆಂದ ಅಂದ್ರೆ, ಸಂಜೆ ಬೆಳಕಿನಲ್ಲಿ ಗಿಡಮೂಲಿಕೆ ಕೀಳ್ತಾ, ಶೆನ್‌ಹುವಾ ಜೊತೆ ರಾತ್ರಿ ಹರಟ್ತಾ ಇದ್ದುಬಿಡಬಹುದು. ಆದರೆ ಓಡಿದ್ರೆ ಶಕ್ತಿ ಕರಗುತ್ತೆ, ಶಕ್ತಿಗೆ ಊಟ ಬೇಕು, ಊಟಕ್ಕೆ ದುಡ್ಡು ಬೇಕು. ಇದು ಸ್ವಲ್ಪ ಅತಿಯಾಯ್ತು. ಅದಕ್ಕಿಂತ ದೊಡ್ಡ ದೂರು ಬೇರೆ. ಇಷ್ಟು ವರ್ಷ ಕಾದವರಿಗೆ, ಆಡದವರು ಈ ಒಂದು ವಾಕ್ಯ ಬಿಟ್ಟು ಮುಂದೆ ಹೋಗಿ, ಲಾನ್ ಡಿ ಕೊನೆಗೂ ಎದುರು ಸಿಗ್ತಾನೆ, ರಿಯೋ ಸೋಲ್ತಾನೆ, ಮತ್ತೆ ಪ್ರಯಾಣ ಹೊರಡ್ತಾನೆ. ಕತೆ ಒಂದು ಹೆಜ್ಜೆ ಮಾತ್ರ ಮುಂದೆ ಹೋಯ್ತು. ಒಟ್ಟು ಕತೆಯ ಸುಮಾರು ಶೇ 40 ಅಷ್ಟೇ ಮುಗಿದಿದೆ ಅಂತ ಸುಜುಕಿಯವರೇ ಹೇಳಿದ್ದಾರೆ.

ಇಲ್ಲಿಂದ ಅಸಲಿ ವಾದ ಶುರು. ಒಂದು ಗುಂಪು ಹೇಳೋದು: ಅದು ಮೋಸ, ಇನ್ನೊಂದು ಅವಕಾಶ ಸಿಗುತ್ತೋ ಇಲ್ವೋ ಅಂತ ಗೊತ್ತಿದ್ದೂ ಕತೆ ಮುಗಿಸಲಿಲ್ಲ, 69 ಸಾವಿರ ಜನರ ಕೊಡುಗೆಯನ್ನು ಗಿಡಮೂಲಿಕೆ ಕೀಳೋಕೆ ಖರ್ಚು ಮಾಡಿದ್ರು. ಇನ್ನೊಂದು ಗುಂಪು: ಧಾವಂತದಲ್ಲಿ ಮುಗಿಸಿದ್ರೆ ಅದು ‘ಶೆನ್‌ಮ್ಯೂ’ನೇ ಅಲ್ಲ, ಕಾಯೋದೇ ಈ ಆಟದ ಜೀವ. ಯಕುಜಾ ತಂಡದ ಕೈಗೆ ಕೊಟ್ಟುಬಿಡಿ ಅನ್ನೋರಿದ್ದಾರೆ. ಆಟ ಬೇಡ, ಕಾದಂಬರಿಯನ್ನೋ ಚಿತ್ರಕತೆಯನ್ನೋ ಮಾಡಿ, ಕೊನೆ ಏನಂತ ಹೇಳಿಬಿಡಿ ಸಾಕು ಅನ್ನೋರೂ ಇದ್ದಾರೆ. 2022ರಲ್ಲಿ 13 ಕಂತಿನ ಅನಿಮೆ ಬಂದಾಗ ಈ ಕೊನೆಯ ಗುಂಪಿಗೆ ಆಸೆ ಚಿಗುರಿತ್ತು. ಅದು ಮೊದಲೆರಡು ಭಾಗದ ಕತೆ ಹೇಳಿ ನಿಂತಿತು. ಎರಡನೇ ಸೀಸನ್ ಬರಲಿಲ್ಲ.

ನನ್ನ ಅಭಿಪ್ರಾಯ ಕೇಳಿದ್ರೆ, ಮೊದಲ ಗುಂಪಿನ ಸಿಟ್ಟು ನ್ಯಾಯವಾದದ್ದು, ಎರಡನೇ ಗುಂಪಿನ ಪ್ರೀತಿ ನಿಜವಾದದ್ದು, ಆದರೆ ಇಬ್ಬರೂ ವಯಸ್ಸಿನ ಲೆಕ್ಕ ಹಾಕ್ತಿಲ್ಲ. ಮೂರನೇ ಭಾಗಕ್ಕೆ ಹಣ ಕೇಳಿದಾಗ ಸುಜುಕಿಗೆ 57, ಅದು ಹೊರಬಂದಾಗ 61. ಈಗ 65 ದಾಟಿದೆ. ಇದೇ ನಡಿಗೆಯಲ್ಲಿ ಉಳಿದ ಶೇ 60ಕ್ಕೆ ಎಷ್ಟು ವರ್ಷ? ನೀವೇ ಗುಣಿಸಿ. 1999ರಲ್ಲಿ ಇಪ್ಪತ್ತು ವರ್ಷದವನಾಗಿದ್ದ ಅಭಿಮಾನಿ ಈಗ ನಲವತ್ತೈದು ದಾಟಿದ್ದಾನೆ. ಅದಕ್ಕೇ ನಾನು, ಮುಜುಗರದಿಂದಲೇ, ‘ಬರೆದಾದ್ರೂ ಮುಗಿಸಿ’ ಗುಂಪಿನವನು. ಗೆಳೆಯ ಒಪ್ಪಲ್ಲ. ಪುಸ್ತಕದಲ್ಲಿ ಓದಿದ ಮೇಲೆ ಆ ಬೀದಿಯಲ್ಲಿ ಯಾರು ನಡೀತಾರೆ, ಬೆಕ್ಕಿಗೆ ಯಾರು ಊಟ ಹಾಕ್ತಾರೆ ಅಂತ ಕೇಳ್ತಾನೆ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಇನ್ನೊಂದು ತೊಡಕು: ‘ಶೆನ್‌ಮ್ಯೂ’ ಹಕ್ಕು ಇರೋದು ಸೆಗಾ ಹತ್ರ. ಸುಜುಕಿ ಅನುಮತಿ ಪಡೆದು ಮೂರನೇ ಭಾಗ ಮಾಡಿದ್ದು. ಅಂದ್ರೆ ಕತೆ ತಲೆಯಲ್ಲಿರೋ ಮನುಷ್ಯ ಒಬ್ಬ, ಕತೆಯ ಒಡೆಯ ಇನ್ನೊಬ್ಬ, ದುಡ್ಡು ಹಾಕಬೇಕಾದವನು ಮೂರನೆಯವನು. ಮೂವರೂ ಒಂದೇ ದಿನ ಹೂಂ ಅನ್ನಬೇಕು. ಈ ನಡುವೆ ಸುಜುಕಿ ನಮ್ಮ ನಿಮ್ಮ ಕೈಯಲ್ಲಿರೋ ಫೋನಿಗೆ ಬಂದಿದ್ದಾರೆ: 2022ರಲ್ಲಿ ಐಫೋನಿಗೆ ‘ಏರ್ ಟ್ವಿಸ್ಟರ್’ ಅನ್ನೋ ಶೂಟಿಂಗ್ ಆಟ ಮಾಡಿದ್ರು.

ಹಾಗಂತ ಎಲ್ಲ ಮುಗೀತು ಅನ್ನೋಕೂ ಆಗಲ್ಲ. 2025ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆ, ಸಾರ್ವಕಾಲಿಕವಾಗಿ ಅತಿ ಹೆಚ್ಚು ಪ್ರಭಾವ ಬೀರಿದ ಗೇಮ್ ಯಾವುದು ಅಂತ ಜನರನ್ನೇ ಕೇಳಿತು. ಮೊದಲ ಸ್ಥಾನ ‘ಶೆನ್‌ಮ್ಯೂ’ಗೆ. ‘ಡೂಮ್’, ‘ಸೂಪರ್ ಮಾರಿಯೋ ಬ್ರದರ್ಸ್’ ಅದರ ಹಿಂದೆ! ಅಭಿಮಾನಿಗಳು ಗುಂಪುಗಟ್ಟಿ ವೋಟ್ ಹಾಕಿದ್ರು ಅಂತ ಗೊಣಗಿದವರೂ ಉಂಟು. ಹಾಕಿರಬಹುದು. ತಿಂಗಳ ಮೂರನೇ ತಾರೀಕು ತಪ್ಪದೆ ಬರೆದು ರೂಢಿ ಆದವರು ಅವರು. ಅದೇ ವರ್ಷ ಇನಿನ್ ಗೇಮ್ಸ್ ಅನ್ನೋ ಕಂಪನಿ ‘ಶೆನ್‌ಮ್ಯೂ 3’ರ ಪ್ರಕಟಣೆ ಹಕ್ಕು ಪಡೆದು, ಅದನ್ನು ತಿದ್ದಿ ತೀಡಿ ಹೊಸ ಯಂತ್ರಗಳಿಗೆ ತರ್ತೀವಿ ಅಂತ ಘೋಷಿಸಿತು. ಇದನ್ನು ಕೊಂಡರೆ ನಾಲ್ಕನೆಯದಕ್ಕೆ ವೋಟ್ ಹಾಕಿದ ಹಾಗಾ, ಅಥವಾ ಅದೇ ಆಟಕ್ಕೆ ಎರಡನೇ ಸಲ ದುಡ್ಡು ಕಟ್ಟಿದ ಹಾಗಾ ಅಂತ ಹೊಸ ಜಗಳ ಶುರುವಾಗಿದೆ.

ಆಡಬೇಕು ಅನ್ನಿಸಿದ್ರೆ ಮೊದಲೆರಡು ಭಾಗ ಒಂದೇ ಕಟ್ಟಿನಲ್ಲಿ ಸಿಗುತ್ತೆ, ಡಿಸ್ಕೌಂಟ್ ಬಂದಾಗ ನೋಡ್ಕೊಳ್ಳಿ. ಒಂದು ಎಚ್ಚರಿಕೆ: ಬೀದಿ ಸುತ್ತೋದು ಚೆನ್ನಾಗಿದೆ ಅಂತ ಅಲ್ಲೇ ಉಳಿದುಬಿಡಬೇಡಿ. ಆಟದೊಳಗಿನ ಕ್ಯಾಲೆಂಡರಿನಲ್ಲಿ 1987ರ ಏಪ್ರಿಲ್ 15 ಬಂದ್ರೆ ಲಾನ್ ಡಿ ತಾನೇ ವಾಪಸ್ ಬಂದು ರಿಯೋನನ್ನೂ ಮುಗಿಸಿ ಹೋಗ್ತಾನೆ. ಸದ್ಯಕ್ಕೆ ಈ ಸರಣಿಯಲ್ಲಿ ಪೂರ್ತಿ ಮುಗಿದ ಕತೆ ಅಂತ ಇರೋದು ಅದೊಂದೇ.