ಬುಧವಾರದ ಗಡುವು

ಶನಿವಾರ ರಾತ್ರಿಯ ತಿರುಗಾಟಕ್ಕೆ ಶುಕ್ರವಾರ ಕರೆದರೆ ಹುಡುಗಿ ಒಪ್ಪಬಾರದು, ಮನಸ್ಸಿದ್ದರೂ ಒಪ್ಪಬಾರದು. ಅಮೆರಿಕದ ಡೇಟಿಂಗ್ ಪದ್ಧತಿಯಲ್ಲಿ ಈ ಕಟ್ಟಳೆ ಇಪ್ಪತ್ತನೇ ಶತಮಾನದಲ್ಲಿ ಬೇರುಬಿಟ್ಟಿತು. ಮೇಲ್ನೋಟಕ್ಕೆ ಇದು ನಾಚಿಕೆ, ಮರ್ಯಾದೆಗಳ ಮಾತು ಅನ್ನಿಸುತ್ತದೆ. ಒಳಹೊಕ್ಕರೆ ಕಾಣುವುದು ಬೆಲೆಯ ಲೆಕ್ಕಾಚಾರ.

ಹತ್ತೊಂಬತ್ತನೇ ಶತಮಾನದ ಕೊನೆಯವರೆಗೂ ಅಲ್ಲಿನ ಮಧ್ಯಮವರ್ಗದ ಹುಡುಗ ಹುಡುಗಿಯನ್ನು ಹೊರಗೆ ಕರೆಯುತ್ತಿರಲಿಲ್ಲ, ತಾನೇ ಅವಳ ಮನೆಗೆ ಹೋಗುತ್ತಿದ್ದ. ಅದೂ ಮೊದಲು ಮನೆಯ ಹೆಂಗಸರು ಬರಹೇಳಿದ ಮೇಲೆ. ಮನೆಯೊಡತಿ ಯಾವ ವಾರ ಅತಿಥಿಗಳಿಗೆ ಸಿಗುತ್ತಾಳೆ ಎಂಬುದು ಭೇಟಿ ಚೀಟಿಯಲ್ಲೇ ಅಚ್ಚಾಗಿರುತ್ತಿತ್ತು. ಬೇಡದವನು ಬಂದರೆ ಬಾಗಿಲಲ್ಲಿ ಕೆಲಸದಾಕೆ 'ಅಮ್ಮಾವರು ಮನೇಲಿಲ್ಲ' ಅನ್ನುತ್ತಿದ್ದಳು. ಒಳಗೇ ಇದ್ದಾರೆಂದು ಅವನಿಗೂ ಗೊತ್ತು, ಆದರೆ ತಿರುಗಿ ಮಾತಾಡುವಂತಿಲ್ಲ. ಅಂದರೆ ದಿನ, ಹೊತ್ತು ಗೊತ್ತುಮಾಡುವ ಅಧಿಕಾರ ಹೆಣ್ಣಿನ ಕಡೆಯದಾಗಿತ್ತು.

ಷಿಕಾಗೊ, ನ್ಯೂಯಾರ್ಕ್‌ಗಳ ಬಾಡಿಗೆ ಕೋಣೆಗಳಲ್ಲಿ ದಿನ ನೂಕುತ್ತಿದ್ದ ದುಡಿಯುವ ಹುಡುಗಿಯರಿಗೆ ಅತಿಥಿಯನ್ನು ಕೂರಿಸುವ ನಡುಮನೆಯೇ ಇರಲಿಲ್ಲ. ಅವರ ಸಂಜೆಗಳು ನೃತ್ಯಶಾಲೆಗಳಲ್ಲಿ, ಕೋನಿ ಐಲ್ಯಾಂಡಿನಂಥ ವಿಹಾರತಾಣಗಳಲ್ಲಿ ಕಳೆಯುತ್ತಿದ್ದವು. 'ಡೇಟ್' ಎಂಬ ಮಾತು ಈ ಅರ್ಥದಲ್ಲಿ ಬರಹಕ್ಕೆ ಇಳಿದದ್ದೂ ಇವರ ಲೋಕದಿಂದಲೇ. 1896ರಲ್ಲಿ ಷಿಕಾಗೊದ ಪತ್ರಕರ್ತ ಜಾರ್ಜ್ ಏಡ್ ಬರೆದ ಅಂಕಣದಲ್ಲಿ ಆರ್ಟಿ ಎಂಬ ಗುಮಾಸ್ತ, ತನ್ನ ಹುಡುಗಿಯ ತಾರೀಖುಗಳನ್ನೆಲ್ಲ ಬೇರೊಬ್ಬ ತುಂಬುತ್ತಿದ್ದಾನೆಂದು ಗೊಣಗುತ್ತಾನೆ. ಡೇಟ್ ಎಂದರೆ ಆಗ ಬರೀ ಕ್ಯಾಲೆಂಡರಿನ ತಾರೀಖು, ಮತ್ತು ಅದು ತುಂಬಿಹೋಗಬಹುದಾದ ವಸ್ತು. ಕಟ್ಟಳೆಯ ಬೀಜ ಅಲ್ಲೇ ಇದೆ.

ಟೆಲಿಫೋನು, ಮೋಟಾರು ಕಾರು, ಸಿನಿಮಾ ಬಂದ ಮೇಲೆ 1920ರ ದಶಕದ ಹೊತ್ತಿಗೆ ಮಧ್ಯಮವರ್ಗವೂ ನಡುಮನೆ ಬಿಟ್ಟು ಹೊರಬಿತ್ತು. ಇತಿಹಾಸಕಾರ್ತಿ ಬೆತ್ ಬೇಲಿ 1988ರ ತಮ್ಮ ಪುಸ್ತಕದಲ್ಲಿ ಇದರ ಪರಿಣಾಮವನ್ನು ಸರಿಯಾಗಿ ಹಿಡಿದಿದ್ದಾರೆ: ಹೊರಗಿನ ಖರ್ಚು ಗಂಡಸಿನದು, ಹಾಗಾಗಿ ಕರೆಯುವ ಹಕ್ಕೂ ಅವನದಾಯಿತು. ಹೆಣ್ಣಿಗೆ ಉಳಿದದ್ದು ಹೂಂ ಅಥವಾ ಊಹೂಂ.

ಈ ಊಹೂಂಗೆ ಎಷ್ಟು ಬೆಲೆಯಿತ್ತೆಂದು ತೋರಿಸಿಕೊಟ್ಟವರು ಸಮಾಜಶಾಸ್ತ್ರಜ್ಞ ವಿಲರ್ಡ್ ವಾಲರ್. ಪೆನ್ಸಿಲ್ವೇನಿಯಾ ಸ್ಟೇಟ್ ಕಾಲೇಜಿನಲ್ಲಿ ಪಾಠ ಹೇಳುತ್ತ, ಅಲ್ಲಿನ ವಿದ್ಯಾರ್ಥಿಗಳನ್ನು ನೋಡಿ 1937ರಲ್ಲಿ ಅವರು ಪ್ರಕಟಿಸಿದ ಲೇಖನದ ಪ್ರಕಾರ ಡೇಟಿಂಗ್ ಅಲ್ಲಿ ಮದುವೆಗೆ ದಾರಿಯಾಗಿರಲಿಲ್ಲ, ಅಂತಸ್ತಿನ ಪೈಪೋಟಿಯಾಗಿತ್ತು. ಹುಡುಗರಿಗಿಂತ ಹುಡುಗಿಯರು ಎಷ್ಟೋ ಕಡಿಮೆ. ಆದರೂ ಹುಡುಗಿಯ ದರ್ಜೆ ನಿಂತಿದ್ದು ಅವಳಿಗೆ ಎಷ್ಟು ಬೇಡಿಕೆ ಇದೆ ಎಂಬುದರ ಮೇಲೆ. ಹಾಸ್ಟೆಲಿನಲ್ಲಿ ಫೋನು ಬಂದಾಗ ಹೆಸರು ಹಿಡಿದು ಕೂಗುತ್ತಿದ್ದರು. ಜಾಣೆಯಾದವಳು ಮೊದಲ ಕೂಗಿಗೆ ಓಡಿಬರುತ್ತಿರಲಿಲ್ಲ, ಇನ್ನೆರಡು ಸಲ ಕೂಗಲಿ ಎಂದು ಕಾಯುತ್ತಿದ್ದಳು. ಅಷ್ಟರಲ್ಲಿ ಉಳಿದ ಹುಡುಗಿಯರ ಕಿವಿಗೂ ಹೆಸರು ಬಿದ್ದಿರುತ್ತಿತ್ತು. ಕೊನೆಗಳಿಗೆಯ ಕರೆಗೆ ಸಿಗಲೇಬಾರದು ಎಂಬುದು ಇದೇ ಆಟದ ಇನ್ನೊಂದು ನಿಯಮ. ಶುಕ್ರವಾರವೂ ಬಿಡುವಾಗಿದ್ದಾಳೆ ಎಂದರೆ ಯಾರೂ ಕರೆದಿಲ್ಲ ಎಂದರ್ಥ. ಶುಕ್ರವಾರ ಕರೆಯುತ್ತಾನೆ ಎಂದರೆ ಇನ್ನೊಬ್ಬಳು ಒಲ್ಲೆ ಎಂದಿರಬೇಕು. ಹೀಗಾಗಿ ಬೇಡಿಕೆಯಿಲ್ಲದವಳೂ ಬೇಡಿಕೆಯಿದ್ದವಳಂತೆ ನಟಿಸಿ ಶನಿವಾರವಿಡೀ ಕೋಣೆಯಲ್ಲಿ ಕೂರಬೇಕಿತ್ತು. ತಲೆಕೂದಲು ತೊಳೆದುಕೊಳ್ಳಬೇಕು ಎಂಬ ನೆಪವಂತೂ ಹಳಸಿ ಹಳಸಿ ನಗೆಹನಿಯೇ ಆಗಿಹೋಯಿತು.

ಒಂದು ಕಾಲೇಜಿನ ಚಿತ್ರವನ್ನು ಇಡೀ ದೇಶಕ್ಕೆ ಹೊಂದಿಸುವುದು ಸರಿಯೇ ಎಂಬ ತಕರಾರು ಆಮೇಲೆ ಎದ್ದಿತು. 1981ರಲ್ಲಿ ಮೈಕೆಲ್ ಗಾರ್ಡನ್ ಬರೆದ ಲೇಖನದ ಶೀರ್ಷಿಕೆಯೇ ವಾಲರ್ ಎಂದಾದರೂ ಸರಿಯಿದ್ದರೇ ಎಂದು ಕೇಳುತ್ತದೆ. ಅನುಮಾನಕ್ಕೆ ಎಡೆಯಿದೆ, ನಿಜ. ಕೂಗಿಸಿಕೊಂಡು ಕಾಯುವ ಹುಡುಗಿಯ ಚಿತ್ರ ಮಾತ್ರ ಕಟ್ಟುಕಥೆಯಂತೆ ಕಾಣುವುದಿಲ್ಲ.

ಎರಡನೇ ಮಹಾಯುದ್ಧ ಗಂಡಸರನ್ನು ಸಮುದ್ರದಾಚೆ ಒಯ್ದಿತು. ಯುದ್ಧ ಮುಗಿದ ಮೇಲೆ ಹಲವರ ಜೊತೆ ತಿರುಗುವ ಬದಲು ಒಬ್ಬನ ಜೊತೆಗೇ ಇರುವ 'ಗೋಯಿಂಗ್ ಸ್ಟೆಡಿ' ರೂಢಿಯಾಯಿತು. 1956ರಲ್ಲಿ ಅಮೆರಿಕದ ಹೆಂಗಸರ ಮೊದಲ ಮದುವೆಯ ಮಧ್ಯಾಂಕ ವಯಸ್ಸು 20.1ಕ್ಕೆ ಇಳಿದಿತ್ತು. ಶನಿವಾರ ಆಗಲೇ ಒಬ್ಬನಿಗೆ ಮೀಸಲಾದಾಗ ಗಡುವಿನ ಮಾತೇ ಏಳುವುದಿಲ್ಲ. 1960ರ ದಶಕದಲ್ಲಿ ಹಾಸ್ಟೆಲುಗಳ ರಾತ್ರಿ ಕರ್ಫ್ಯೂಗಳು ಸಡಿಲವಾದವು, ಗುಂಪಾಗಿ ಹೊರಡುವುದು ಹೆಚ್ಚಿತು, ಕಟ್ಟಳೆ ಅಜ್ಜಿಕಾಲದ್ದೆನಿಸಿತು.

ಅದು ಮತ್ತೆ ಎದ್ದು ಕೂತದ್ದು 1995ರಲ್ಲಿ. ಎಲೆನ್ ಫೈನ್, ಶೆರಿ ಷ್ನೈಡರ್ ಬರೆದ 'ದಿ ರೂಲ್ಸ್' ಪುಸ್ತಕದ ಏಳನೇ ನಿಯಮ ಗಡುವಿಗೆ ಖಚಿತವಾದ ವಾರವನ್ನೇ ಕೊಟ್ಟಿತು: ಬುಧವಾರ ದಾಟಿದ ಮೇಲೆ ಶನಿವಾರದ ಕರೆಗೆ ಒಪ್ಪಕೂಡದು. ಪುಸ್ತಕ ಭರ್ಜರಿಯಾಗಿ ಮಾರಾಟವಾಯಿತು, ಸ್ತ್ರೀವಾದಿಗಳಿಂದ ಅಷ್ಟೇ ಬೈಗುಳವನ್ನೂ ತಿಂದಿತು. 2012ರಲ್ಲಿ ಟಿಂಡರ್ ಬಂದು, ಹತ್ತಿರದಲ್ಲಿರುವವರನ್ನು ಈ ಗಳಿಗೆಯಲ್ಲೇ ತೋರಿಸತೊಡಗಿತು. ಮರುವರ್ಷ ಅದೇ ಲೇಖಕಿಯರು ಹೊಸ ತಲೆಮಾರಿಗೆಂದು ಇನ್ನೊಂದು ಪುಸ್ತಕ ತಂದರು. ಹುಡುಗನ ಮೊಬೈಲ್ ಸಂದೇಶಕ್ಕೆ ಎಷ್ಟು ಹೊತ್ತು ಬಿಟ್ಟು ಉತ್ತರಿಸಬೇಕು ಎಂಬುದಕ್ಕೆ ಅದರಲ್ಲಿ ಹುಡುಗಿಯ ವಯಸ್ಸಿಗೆ ತಕ್ಕಂತೆ ಒಂದು ಪಟ್ಟಿಯೇ ಇದೆ.